ಲ್ಯಾಬ್‌ನಲ್ಲಿ ಮೇಲ್ ತೆರೆದೇ ಬಿಟ್ಟು ಬಂದೆ, ನನ್ನ ಹೆಸರಲ್ಲಿ 140 ಜನಕ್ಕೆ ಸುಳ್ಳು ಮೇಲ್ ಹೋಯ್ತು

ಎರಡನೇವರ್ಷ · ಮಂಗಳವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಗುರುವಾರ ಮಧ್ಯಾಹ್ನ ಕಾಲೇಜಿನ ಲ್ಯಾಬ್‌ನಲ್ಲಿ ರೆಕಾರ್ಡ್ ಪ್ರಿಂಟ್ ತೆಗೆಯಬೇಕಿತ್ತು. ಫೈಲ್ ಕಾಲೇಜು ಮೇಲ್‌ನಲ್ಲಿತ್ತು. 17ನೇ ಕಂಪ್ಯೂಟರ್‌ನಲ್ಲಿ ಲಾಗಿನ್ ಆದೆ, ಫೈಲ್ ಇಳಿಸಿಕೊಂಡೆ, ಪ್ರಿಂಟ್ ಕೊಟ್ಟೆ. ಅಷ್ಟರಲ್ಲಿ ಬೆಲ್ ಆಯ್ತು. ಟ್ಯಾಬ್ ಮುಚ್ಚಿ ಕ್ಲಾಸಿಗೆ ಓಡಿದೆ. ಲಾಗೌಟ್ ಮಾಡಿದೆನಾ ಅಂತ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗುತ್ತಿಲ್ಲ. ಮಾಡಿಲ್ಲ ಅಂತಲೇ ಅನಿಸುತ್ತದೆ.

ಶನಿವಾರ ಬೆಳಿಗ್ಗೆ 11 ಗಂಟೆ ಹೊತ್ತಿಗೆ ನನ್ನ ಐಡಿಯಿಂದ ಬ್ಯಾಚಿನ 140 ಜನಕ್ಕೂ ಒಂದು ಮೇಲ್ ಹೋಗಿದೆ. "ಸೋಮವಾರದ ಟೆಸ್ಟ್ ಮುಂದಕ್ಕೆ ಹೋಗಿದೆ, ಮೇಡಂ ಹೇಳಿದ್ದಾರೆ, ಯಾರೂ ಬರಬೇಡಿ." ನಾನು ಕ್ಲಾಸ್ ರೆಪ್. ಯಾವಾಗಲೂ ಇಂಥ ಸುದ್ದಿ ಕಳಿಸೋದು ನಾನೇ. ಅದಕ್ಕೇ ನಂಬಿಬಿಟ್ಟರು. ಸೋಮವಾರ 26 ಜನ ಟೆಸ್ಟ್‌ಗೆ ಬರಲಿಲ್ಲ.

ಶನಿವಾರ, ಭಾನುವಾರ ನಾನು ಊರಲ್ಲೇ ಇರಲಿಲ್ಲ. ಮೇಲ್ ತೆಗೆದು ನೋಡಿಯೂ ಇರಲಿಲ್ಲ. ಎಚ್‌ಒಡಿ ಕರೆಸಿ ಪ್ರಿಂಟ್ ತೋರಿಸಿದಾಗಲೇ ಗೊತ್ತಾಗಿದ್ದು. ಕೆಳಗೆ ನನ್ನ ಹೆಸರು, ರಿಜಿಸ್ಟರ್ ನಂಬರ್ ಎಲ್ಲ ಇತ್ತು. ನಾನಲ್ಲ ಅಂದೆ. "ನಿನ್ನ ಐಡಿ ಅಲ್ವಾ?" ಅಂದರು. ಹೌದು ಅನ್ನೋದು ಬಿಟ್ಟರೆ ಬೇರೆ ಮಾತು ಬರಲಿಲ್ಲ.

ಈಗ ಅಕೌಂಟ್ ಸಸ್ಪೆಂಡ್ ಆಗಿದೆ. ಶುಕ್ರವಾರ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು, ಅದು ಅದೇ ಅಕೌಂಟಿನ ಡ್ರೈವ್‌ನಲ್ಲಿದೆ. ಟೆಸ್ಟ್ ತಪ್ಪಿಸಿಕೊಂಡ ಗೆಳತಿಯರು ಮಾತಾಡಿಸುತ್ತಿಲ್ಲ. ಇದು ಎಲ್ಲಕ್ಕಿಂತ ಜಾಸ್ತಿ ನೋವಾಗಿರೋದು. ಏನು ಮಾಡಲಿ?

ಲ್ಯಾಬ್‌ಕೀಲಿ · ರಾತ್ರಿ 10:05

ಮೊದಲು ಒಂದು ಲೋಟ ನೀರು ಕುಡಿಯಿರಿ. ನಾನು ಬೇರೆ ಕಾಲೇಜೊಂದರಲ್ಲಿ 12 ವರ್ಷದಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ನೀವು ಮಾಡಿಲ್ಲ ಅಂತ ತೋರಿಸುವ ದಾರಿ ಇದೆ. ಆದರೆ ತಡ ಮಾಡಬಾರದು.

ನಾಳೆ ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. 17ನೇ ಕಂಪ್ಯೂಟರನ್ನು ಯಾರೂ ಮುಟ್ಟದ ಹಾಗೆ ಎತ್ತಿಡಿ ಅಂತ ಕೇಳಿಕೊಳ್ಳಿ. ಅದರ ಬ್ರೌಸರ್ ಹಿಸ್ಟರಿಯೇ ನಿಮ್ಮ ದೊಡ್ಡ ಸಾಕ್ಷಿ. ಶನಿವಾರ ನಿಮ್ಮ ಮೇಲ್ ಪುಟ ಅಲ್ಲಿ ತೆರೆದಿದ್ದರೆ ಗಂಟೆ, ನಿಮಿಷದ ಸಮೇತ ದಾಖಲಾಗಿರುತ್ತದೆ. ಯಾರಾದರೂ ಹಿಸ್ಟರಿ ಅಳಿಸಿದರೆ ಅಥವಾ ಸಿಸ್ಟಂ ಫಾರ್ಮ್ಯಾಟ್ ಮಾಡಿದರೆ ಕೈ ತಪ್ಪಿತು ಅಂತಲೇ ಲೆಕ್ಕ.

ಐಪಿ ವಿಳಾಸ, ಅಂದರೆ ಜಾಲದಲ್ಲಿ ಕಂಪ್ಯೂಟರಿಗೆ ಇರುವ ಗುರುತಿನ ಸಂಖ್ಯೆ, ನೋಡಿದರೆ ಎಲ್ಲ ಗೊತ್ತಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಕಾಲೇಜಿನ ನೂರಾರು ಕಂಪ್ಯೂಟರ್‌ಗಳು ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಕಾಣುತ್ತವೆ. ಮೇಲ್ ಕ್ಯಾಂಪಸ್ ಒಳಗಿಂದ ಹೋಗಿದೆ ಅನ್ನೋದು ಮಾತ್ರ ಅದರಿಂದ ತಿಳಿಯುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಅದೂ ದೊಡ್ಡದೇ. ನೀವು ಊರಲ್ಲೇ ಇರಲಿಲ್ಲವಲ್ಲ. ಯಾವ ಕಂಪ್ಯೂಟರ್ ಅಂತ ಹಿಸ್ಟರಿ ಹೇಳುತ್ತದೆ. ಆ ಹೊತ್ತಿಗೆ ಯಾರು ಕೂತಿದ್ದರು ಅಂತ ಲ್ಯಾಬ್ ರಿಜಿಸ್ಟರ್ ಹೇಳುತ್ತದೆ.

ಎಚ್‌ಒಡಿಗೆ ಒಂದು ಪುಟದ ಪತ್ರ ಬರೆಯಿರಿ. ಗುರುವಾರ ಎಷ್ಟು ಗಂಟೆಗೆ ಕೂತಿರಿ, ಎಷ್ಟಕ್ಕೆ ಎದ್ದಿರಿ, ಶನಿವಾರ ಎಲ್ಲಿದ್ದಿರಿ, ಏನೇನು ದಾಖಲೆ ನೋಡಬೇಕು. ಲಾಗೌಟ್ ಮಾಡಿಲ್ಲದೆ ಇರಬಹುದು ಅನ್ನೋದನ್ನೂ ನೀವೇ ಬರೆಯಿರಿ. ಮುಚ್ಚಿಟ್ಟು ಆಮೇಲೆ ಹೊರಬಂದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಒಂದು ವಿಷಯ ಎಲ್ಲರಿಗೂ. ಟ್ಯಾಬ್ ಮುಚ್ಚಿದರೆ ಲಾಗೌಟ್ ಆಗುವುದಿಲ್ಲ. ನೀವು ಪಾಸ್‌ವರ್ಡ್ ಕೊಟ್ಟ ಕೂಡಲೇ ಸರ್ವರ್ ನಿಮ್ಮ ಬ್ರೌಸರ್ ಕೈಗೆ ಒಂದು ಚೀಟಿ ಕೊಡುತ್ತದೆ. ಅದಕ್ಕೆ ಕುಕೀ ಅಂತಾರೆ. ಮುಂದೆ ಪ್ರತಿ ಪುಟಕ್ಕೂ ಬ್ರೌಸರ್ ಆ ಚೀಟಿ ತೋರಿಸುತ್ತದೆ, ಪಾಸ್‌ವರ್ಡ್ ಕೇಳುವವರೇ ಇಲ್ಲ. ಟ್ಯಾಬ್ ಮುಚ್ಚಿದರೂ ಚೀಟಿ ಅಲ್ಲೇ ಇರುತ್ತದೆ. ಎಷ್ಟೋ ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ಇರುತ್ತದೆ. 'ಸೈನ್ ಔಟ್' ಒತ್ತಿದರೆ ಸರ್ವರ್ ಆ ಚೀಟಿಯನ್ನು ರದ್ದು ಮಾಡುತ್ತದೆ.

ಹಳೇಬ್ಯಾಚ್ · ರಾತ್ರಿ 10:31

ತಂಗಿ, ಅಕೌಂಟ್ ವಾಪಸ್ ಕೊಟ್ಟ ದಿನ ಪಾಸ್‌ವರ್ಡ್ ಬದಲಾಯಿಸಿ ಸುಮ್ನೆ ಕೂರಬೇಡ. ನಾನು ಹಾಗೆ ಕೂತು ಕೆಟ್ಟೆ.

ಕೊನೆಯ ವರ್ಷದಲ್ಲಿ ನನ್ನ ಕಾಲೇಜು ಮೇಲ್‌ಗೆ ಯಾರೋ ನುಗ್ಗಿದ್ದರು. ಅವತ್ತೇ ಪಾಸ್‌ವರ್ಡ್ ಬದಲಾಯಿಸಿದೆ. ಆದರೆ ಅವರು ಸೆಟ್ಟಿಂಗ್ಸ್ ಒಳಗೆ ಒಂದು ಫಿಲ್ಟರ್ ಹಾಕಿ ಹೋಗಿದ್ದರು. 'ಇಂಟರ್ನ್‌ಶಿಪ್' ಅನ್ನೋ ಪದ ಇರುವ ಮೇಲ್ ಬಂದರೆ ಒಂದು ಪ್ರತಿ ಬೇರೆ ವಿಳಾಸಕ್ಕೆ ಹೋಗಬೇಕು, ನನ್ನ ಇನ್‌ಬಾಕ್ಸ್‌ನಿಂದ ಅಳಿಸಿಹೋಗಬೇಕು. ಪಾಸ್‌ವರ್ಡ್ ಬದಲಾದರೂ ಫಿಲ್ಟರ್‌ಗೆ ಏನೂ ಆಗುವುದಿಲ್ಲ. ನಾಲ್ಕು ತಿಂಗಳು ನನಗೆ ಒಂದು ಕಂಪನಿಯಿಂದಲೂ ಉತ್ತರ ಬರಲಿಲ್ಲ. ನನ್ನಲ್ಲೇ ಏನೋ ಕೊರತೆ ಅಂದುಕೊಂಡು ಒಳಗೊಳಗೇ ಕುಸಿದಿದ್ದೆ. ಒಂದು ದಿನ ಸಹಿ ಬದಲಾಯಿಸೋಕೆ ಅಂತ ಸೆಟ್ಟಿಂಗ್ಸ್ ತೆಗೆದಾಗ ಆ ಫಿಲ್ಟರ್ ಕಣ್ಣಿಗೆ ಬಿತ್ತು. ಟ್ರ್ಯಾಶ್ ತೆಗೆದರೆ ಹಿಂದಿನ ವಾರವೇ ಬಂದಿದ್ದ ಒಂದು ಸಂದರ್ಶನದ ಕರೆ. ತಾರೀಖು ದಾಟಿ ಎರಡು ದಿನ ಆಗಿತ್ತು.

ಹಾಗಾಗಿ ಫಿಲ್ಟರ್ ನೋಡು, ಫಾರ್ವರ್ಡಿಂಗ್ ನೋಡು. ರಿಕವರಿ ಫೋನ್ ನಂಬರ್ ನಿನ್ನದೇನಾ ನೋಡು. ಬೇರೆ ಯಾವ ಆ್ಯಪ್‌ಗಳಿಗೆ ಅಕೌಂಟಿನ ಅನುಮತಿ ಕೊಟ್ಟಿದೆ ಅಂತಲೂ ನೋಡು. ಜಿಮೇಲ್ ಆದರೆ ಕಂಪ್ಯೂಟರ್‌ನಲ್ಲಿ ತೆಗೆದಾಗ ಇನ್‌ಬಾಕ್ಸ್ ಪುಟದ ತಳದಲ್ಲಿ, ಬಲಗಡೆ, ಸಣ್ಣಕ್ಷರದಲ್ಲಿ 'ಡೀಟೇಲ್ಸ್' ಅಂತ ಇರುತ್ತದೆ. ಒತ್ತಿದರೆ ಇತ್ತೀಚೆಗೆ ಎಲ್ಲಿಂದ, ಯಾವಾಗ ತೆರೆದಿದ್ದಾರೆ ಅನ್ನೋ ಪಟ್ಟಿ ಬರುತ್ತದೆ.

ಎರಡನೇವರ್ಷ · ರಾತ್ರಿ 10:50

ಅಣ್ಣ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪತ್ರ ಬರೆಯಲು ಕೂತಿದ್ದೇನೆ. ನಾಳೆ 8:30ಕ್ಕೆ ಲ್ಯಾಬ್ ಹತ್ತಿರ ಇರುತ್ತೇನೆ.

ಸ್ವಂತಐಡಿ · ರಾತ್ರಿ 11:12

ನನಗೆ ಬೇರೆಯೇ ಅನಿಸುತ್ತದೆ. ಕಾಲೇಜು ಮೇಲ್ ಯಾಕೆ ಬೇಕು? ಅವರಿಗೆ ಬೇಕಾದಾಗ ಸಸ್ಪೆಂಡ್ ಮಾಡುತ್ತಾರೆ, ಬೇಕಾದಾಗ ತೆಗೆದು ಓದಬಹುದು. ನಾನು ಮೊದಲ ದಿನದಿಂದ ಎಲ್ಲಕ್ಕೂ ಸ್ವಂತ ಐಡಿಯನ್ನೇ ಬಳಸುತ್ತಿದ್ದೇನೆ. ಲ್ಯಾಬ್‌ನಲ್ಲಿ ಇನ್‌ಕಾಗ್ನಿಟೊ ಹಾಕುತ್ತೇನೆ. ಯಾರಿಗೂ ಏನೂ ಕಾಣಲ್ಲ.

ಪಾಠದಮೇಷ್ಟ್ರು · ಬುಧವಾರ ಬೆಳಿಗ್ಗೆ 6:20

ಸ್ವಂತಐಡಿ ಅವರೇ, ನಿಮ್ಮ ಕಾಳಜಿ ಸರಿಯಾದದ್ದೇ. ಆದರೆ ಮೇಷ್ಟ್ರ ಕಡೆಯಿಂದ ಒಂದು ಸಲ ನೋಡಿ. ಒಂದು ಸೆಮಿಸ್ಟರ್‌ನಲ್ಲಿ ನನಗೆ 300ಕ್ಕೂ ಜಾಸ್ತಿ ಅಸೈನ್‌ಮೆಂಟ್ ಬರುತ್ತವೆ. ಅಡ್ಡಹೆಸರು, ಹುಟ್ಟಿದ ವರ್ಷ ಸೇರಿಸಿ ಮಾಡಿದ ಸ್ವಂತ ಐಡಿಯಿಂದ ಬಂದರೆ ಅದು ಯಾರದು ಅಂತ ನಾನು ಹೇಗೆ ತಿಳಿಯಲಿ? ಅಂಕ ಕೇಳಿ ಮೇಲ್ ಬಂದರೆ ನಿಮ್ಮ ಅಂಕವನ್ನು ಯಾರಿಗೆ ಕಳಿಸಲಿ? ಕಾಲೇಜು ಐಡಿಗೆ ಮಾತ್ರ ಉತ್ತರ ಕೊಡುತ್ತೇನೆ ಅನ್ನೋದು ನಿಮ್ಮ ಅಂಕ ಬೇರೆಯವರ ಕೈಗೆ ಹೋಗದಿರಲಿ ಅಂತ.

ಇನ್ನೊಂದು ಮಾತು. ಇಮೇಲ್‌ನಲ್ಲಿ 'ಇಂದ' ಅಂತ ಕಾಣುವ ಹೆಸರನ್ನು ಯಾರು ಬೇಕಾದರೂ ಬರೆಯಬಹುದು, ಅಂಚೆ ಲಕೋಟೆಯ ಮೇಲೆ ಬರೆದ ಹಾಗೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ಆಗ ಜಾಲದಲ್ಲಿ ಇದ್ದವರೇ ಕೆಲವರು, ಒಬ್ಬರನ್ನೊಬ್ಬರು ನಂಬುತ್ತಿದ್ದರು. ಕಳಿಸಿದವರು ನಿಜವಾಗಿ ಅವರೇನಾ ಅಂತ ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ಆಮೇಲೆ ಎಸ್‌ಪಿಎಫ್, ಡಿಕಿಮ್ ಅಂತ ಪರೀಕ್ಷೆಗಳು ಸೇರಿದವು. ಈಗ ಕಾಲೇಜಿನ ಹೆಸರಲ್ಲಿ ಹೊರಗಿಂದ ಯಾರಾದರೂ ಸುಳ್ಳು ಮೇಲ್ ಕಳಿಸಿದರೆ ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಸಿಕ್ಕಿಬೀಳುತ್ತದೆ.

ಈ ಹುಡುಗಿಯ ವಿಷಯದಲ್ಲಿ ಅದು ಯಾವುದೂ ಕೆಲಸಕ್ಕೆ ಬರಲಿಲ್ಲ ನೋಡಿ. ಮೇಲ್ ನಿಜವಾಗಿಯೂ ಅವಳ ಅಕೌಂಟಿನಿಂದಲೇ ಹೋಗಿತ್ತು. ಎಲ್ಲ ಪರೀಕ್ಷೆಯನ್ನೂ ದಾಟಿತು. ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡನ್ನೂ ಕೇಳುವ ಟು-ಸ್ಟೆಪ್ ಇದ್ದಿದ್ದರೂ ತಡೆಯುತ್ತಿರಲಿಲ್ಲ, ಯಾಕಂದರೆ ಲಾಗಿನ್ ಆಗಲೇ ಮುಗಿದಿತ್ತು. ಪಾಸ್‌ವರ್ಡ್ ಕದಿಯದೆ, ಏನನ್ನೂ ಮುರಿಯದೆ, ಅವಳ ಮೇಲೆ 140 ಜನ ಇಟ್ಟಿದ್ದ ನಂಬಿಕೆಯನ್ನು ಯಾರೋ ಎತ್ತಿಕೊಂಡರು.

ಲ್ಯಾಬ್‌ಕೀಲಿ · ಬೆಳಿಗ್ಗೆ 9:15

ಇನ್‌ಕಾಗ್ನಿಟೊ ಬಗ್ಗೆ ಹೇಳಲೇಬೇಕು. ಅದು ನಿಮ್ಮ ಓಡಾಟವನ್ನು ಆ ಕಂಪ್ಯೂಟರ್‌ನಲ್ಲಿ ಉಳಿಸುವುದಿಲ್ಲ. ಆ ಕಿಟಕಿಗಳನ್ನೆಲ್ಲ ಮುಚ್ಚಿದರೆ ನಾನು ಹೇಳಿದ ಚೀಟಿಯೂ ಹೋಗುತ್ತದೆ. ಹಾಗಾಗಿ ಲ್ಯಾಬ್‌ಗೆ ಅದು ಒಳ್ಳೆಯ ಅಭ್ಯಾಸ. ಆದರೆ ಕಾಲೇಜಿನ ನೆಟ್‌ವರ್ಕ್‌ಗೆ ನೀವು ಕಾಣುತ್ತಲೇ ಇರುತ್ತೀರಿ.

ನನಗೆ ಏನು ಕಾಣುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಯಾವ ಕಂಪ್ಯೂಟರ್‌ನಿಂದ ಯಾವ ಸೈಟ್‌ಗೆ ಎಷ್ಟು ಹೊತ್ತಿಗೆ ಹೋದಿರಿ ಅನ್ನೋದು ಕಾಣುತ್ತದೆ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಅನ್ನೋದು ನನಗೆ ಕಾಣುವುದಿಲ್ಲ. ಕಾಲೇಜು ಮೇಲ್ ಮಾತ್ರ ಬೇರೆ. ಅದರ ಅಡ್ಮಿನ್ ಮನಸ್ಸು ಮಾಡಿದರೆ ಮೇಲ್ ತೆಗೆದು ನೋಡುವ ಸಲಕರಣೆ ಇರುತ್ತದೆ. ನಮ್ಮಲ್ಲಿ ಪ್ರಿನ್ಸಿಪಾಲರ ಲಿಖಿತ ಆದೇಶ ಇಲ್ಲದೆ ತೆಗೆಯುವಂತಿಲ್ಲ. 12 ವರ್ಷದಲ್ಲಿ ಎರಡು ಸಲ ತೆಗೆದಿದ್ದೇನೆ, ಎರಡು ಸಲವೂ ಇನ್ನೊಬ್ಬರು ಪಕ್ಕದಲ್ಲಿದ್ದರು. ನಿಮ್ಮ ಕಾಲೇಜಿನಲ್ಲಿ ನಿಯಮ ಏನಿದೆ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಮನೆ ವಿಷಯ, ಆಸ್ಪತ್ರೆ ವಿಷಯ, ಪ್ರೀತಿ ವಿಷಯ ಕಾಲೇಜು ಮೇಲ್‌ನಲ್ಲಿ ಬೇಡ. ಅದಕ್ಕೆ ಸ್ವಂತ ಐಡಿಯೇ ಸರಿ.

ಸ್ವಂತಐಡಿ · ಬೆಳಿಗ್ಗೆ 9:48

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸೇರುವಾಗ ನಿಯಮದ ಹಾಳೆಗೆ ಸಹಿ ಹಾಕಿಸಿಕೊಂಡರು, ಓದಲು ಸಮಯ ಕೊಡಲಿಲ್ಲ. ಅದರ ಪ್ರತಿ ಇವತ್ತೇ ಆಫೀಸಿನಲ್ಲಿ ಕೇಳುತ್ತೇನೆ. ಪಾಠಕ್ಕೆ ಒಂದು ಐಡಿ, ಸ್ವಂತಕ್ಕೆ ಒಂದು ಅನ್ನೋದನ್ನು ಒಪ್ಪುತ್ತೇನೆ.

ಹೊಸಬ · ಮಧ್ಯಾಹ್ನ 1:10

ಒಂದು ಪ್ರಶ್ನೆ. ನಮ್ಮ ರೂಮಿನಲ್ಲಿ ನಾಲ್ವರಿಗೂ ಎಲ್ಲರ ಪಾಸ್‌ವರ್ಡ್ ಗೊತ್ತು. ಒಬ್ಬನಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬ ಅವನ ಅಸೈನ್‌ಮೆಂಟ್ ಅಪ್ಲೋಡ್ ಮಾಡುತ್ತಾನೆ. ಗೆಳೆಯರ ನಡುವೆ ಅದರಲ್ಲಿ ತಪ್ಪೇನು?

ಹಳೇಬ್ಯಾಚ್ · ಮಧ್ಯಾಹ್ನ 1:34

ತಮ್ಮ, ನಿಮ್ಮ ಸ್ನೇಹದ ಮೇಲೆ ನನಗೆ ಅನುಮಾನ ಇಲ್ಲ. ನಾಳೆ ನಾಲ್ವರಲ್ಲಿ ಒಬ್ಬನ ಅಕೌಂಟಿನಿಂದ ಕೆಟ್ಟ ಮೇಲ್ ಹೋಯ್ತು ಅಂದುಕೋ. ಮಾಡಿದವನು ಹೊರಗಿನವನೇ ಇರಬಹುದು. ಆದರೂ ಮೊದಲು ಮೂವರ ಮುಖ ನೋಡುತ್ತೀರಿ. ಆ ಅನುಮಾನ ಒಂದು ಸಲ ಬಂದರೆ ಹೋಗುವುದಿಲ್ಲ. ಸ್ನೇಹ ಉಳಿಯಬೇಕು ಅಂತಲೇ ಹೇಳುತ್ತಿದ್ದೇನೆ, ಬೇಡ. ಹುಷಾರಿಲ್ಲದವನು ಮೇಷ್ಟ್ರಿಗೆ ಫೋನ್‌ನಲ್ಲಿ ಎರಡು ಸಾಲು ಬರೆದರೆ ಸಾಕಲ್ಲ.

ಪಾಠದಮೇಷ್ಟ್ರು · ಮಧ್ಯಾಹ್ನ 2:05

ಖಂಡಿತ ಸಾಕು. ಅಂಥ ಎರಡು ಸಾಲಿಗೆ ನಾನು ಯಾವತ್ತೂ ಇಲ್ಲ ಅಂದಿಲ್ಲ.

ಪಾಸ್‌ವರ್ಡ್ ಕೈದಾಟುವ ಕಥೆ ತುಂಬಾ ಹಳೆಯದು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಪ್ರತಿಯೊಬ್ಬರಿಗೂ ಇಷ್ಟು ಗಂಟೆ ಅಂತ ಲೆಕ್ಕ, ಅದಕ್ಕೊಂದು ಪಾಸ್‌ವರ್ಡ್. 1962ರಲ್ಲಿ ಆಲನ್ ಶೆರ್ ಅನ್ನೋ ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟ ಸಮಯ ಸಾಲಲಿಲ್ಲ. ಪಾಸ್‌ವರ್ಡ್‌ಗಳಿದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಲೆಕ್ಕದಲ್ಲಿ ಕೆಲಸ ಮುಗಿಸಿದರು. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಆ ಗಂಟೆಗಳು ಬೇರೆ ಯಾರದೋ ಆಗಿದ್ದವು.

ಪಾಸ್‌ವರ್ಡ್ ಉದ್ದ ಇರಲಿ. ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಹುಟ್ಟಿದ ದಿನ ಬೇಡ. ಪ್ರತಿ ಮೂರು ತಿಂಗಳಿಗೆ ಬದಲಾಯಿಸಿ ಅನ್ನೋ ಹಳೆಯ ಮಾತನ್ನು ಅಮೆರಿಕದಲ್ಲಿ ತಂತ್ರಜ್ಞಾನದ ಮಾನದಂಡ ರೂಪಿಸುವ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲೇ ಕೈಬಿಟ್ಟಿತು. ಹಾಗೆ ಬದಲಾಯಿಸಿ ಅಂದರೆ ಜನ ಕೊನೆಯಲ್ಲಿ ಒಂದು ಅಂಕಿ ಮಾತ್ರ ಏರಿಸುತ್ತಾರೆ. ಸೋರಿದೆ ಅನ್ನೋ ಅನುಮಾನ ಬಂದಾಗ ಬದಲಾಯಿಸಿ. ಹೊಸಬ, ನಿನ್ನ ರೂಮಿನ ನಾಲ್ವರಿಗೂ ಇವತ್ತೇ ಆ ದಿನ.

ಪುಸ್ತಕದಮನೆ · ಸಂಜೆ 5:30

ನಾನು ಕಾಲೇಜು ಲೈಬ್ರರಿಯಲ್ಲಿದ್ದೇನೆ. ಹಂಚಿಕೊಂಡು ಬಳಸುವ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಮ್ಮ ಒಬ್ಬ ವಿದ್ಯಾರ್ಥಿ ಒಂದು ಚಿಕ್ಕ ಪ್ರೋಗ್ರಾಂ ಬರೆದು ಒಂದೇ ರಾತ್ರಿ ಒಂದು ಪ್ರಕಾಶಕರ ಸೈಟ್‌ನಿಂದ ಸಾವಿರಾರು ಸಂಶೋಧನಾ ಲೇಖನ ಇಳಿಸಿಕೊಂಡ. ಬೆಳಿಗ್ಗೆ ಹೊತ್ತಿಗೆ ಪ್ರಕಾಶಕರು ಇಡೀ ಕಾಲೇಜಿಗೇ ಬಾಗಿಲು ಹಾಕಿದ್ದರು. ಮೇಲೆ ಲ್ಯಾಬ್‌ಕೀಲಿ ಸರ್ ಹೇಳಿದರಲ್ಲ, ಹೊರಗಿನವರಿಗೆ ನಾವೆಲ್ಲ ಒಂದೇ ವಿಳಾಸ ಅಂತ. ಮೂರು ದಿನ ಯಾರಿಗೂ ಒಂದು ಲೇಖನವೂ ತೆರೆಯಲಿಲ್ಲ. ಅದೇ ವಾರ ಪ್ರಬಂಧ ಕೊಡಬೇಕಿದ್ದ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ನಿಂತು ಅತ್ತಿದ್ದಳು. ಆ ಹುಡುಗ ದುಷ್ಟನಲ್ಲ, ಓದುವ ಹುಡುಗನೇ. ತನ್ನ ಒಂದು ರಾತ್ರಿಯ ಕೆಲಸ ಇಷ್ಟು ಜನರ ಬಾಗಿಲಿಗೆ ತಾಗುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಡ್ರೈವ್ ಜಾಗವೂ ಹಾಗೆಯೇ. ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗವನ್ನು ನಿಲ್ಲಿಸುವುದಾಗಿ ಗೂಗಲ್ 2021ರಲ್ಲಿ ಹೇಳಿತು. ಈಗ ಉಚಿತ ಯೋಜನೆಯಲ್ಲಿ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್, ಅಂದರೆ ಸುಮಾರು ಒಂದು ಲಕ್ಷ ಗಿಗಾಬೈಟ್. 10,000 ಅಕೌಂಟ್ ಇರುವ ಕಡೆ ಲೆಕ್ಕ ಹಾಕಿ, ತಲೆಗೆ ಸುಮಾರು 10 ಗಿಗಾಬೈಟ್ ಬರುತ್ತದೆ. ಒಬ್ಬರು 200 ಗಿಗಾಬೈಟ್ ಸಿನಿಮಾ ತುಂಬಿದರೆ 20 ಜನರ ಜಾಗ ಹೋಯ್ತು.

ಹಳೇಬ್ಯಾಚ್ · ಸಂಜೆ 6:02

ಅಕ್ಕ ಡ್ರೈವ್ ಅಂದಿದ್ದಕ್ಕೆ ನೆನಪಾಯ್ತು. ಕೊನೆಯ ವರ್ಷದವರು ಓದುತ್ತಿದ್ದರೆ, ಕೋರ್ಸ್ ಮುಗಿದ ಮೇಲೆ ಅಕೌಂಟ್ ಯಾವತ್ತಾದರೂ ಮುಚ್ಚಬಹುದು. ಪ್ರಾಜೆಕ್ಟ್, ಫೋಟೊ, ಮೇಲ್ ಎಲ್ಲ ಮೊದಲೇ ಇಳಿಸಿಕೊಳ್ಳಿ. ಉದ್ಯೋಗದ ಸೈಟ್‌ಗಳಲ್ಲಿ ಕೊಟ್ಟ ಐಡಿಯನ್ನು ಸ್ವಂತದ್ದಕ್ಕೆ ಬದಲಾಯಿಸಿ. ನನ್ನ ಗೆಳೆಯನೊಬ್ಬ ಕೋಡ್ ಇಡುವ ಅಕೌಂಟನ್ನು ಕಾಲೇಜು ಐಡಿಯಲ್ಲೇ ತೆರೆದಿದ್ದ. ಪಾಸ್‌ವರ್ಡ್ ಮರೆತ. ಹೊಸದು ಮಾಡುವ ಲಿಂಕ್ ಮುಚ್ಚಿಹೋದ ಮೇಲ್‌ಗೆ ಹೋಗುತ್ತಿತ್ತು. ಮೂರು ವರ್ಷದ ಕೆಲಸ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗಲ್ಲ.

ಎರಡನೇವರ್ಷ · ಗುರುವಾರ ರಾತ್ರಿ 8:15

ಎಲ್ಲರಿಗೂ ನಮಸ್ಕಾರ, ಸುದ್ದಿ ಇದೆ.

ನಿನ್ನೆ ಬೆಳಿಗ್ಗೆ ಲ್ಯಾಬ್ ಸರ್ ಪತ್ರ ಓದಿ ತಕ್ಷಣ 17ನ್ನು ಎತ್ತಿಟ್ಟರು. ಎಚ್‌ಒಡಿ ಮುಂದೆಯೇ ಹಿಸ್ಟರಿ ತೆಗೆದರು. ಶನಿವಾರ 11:04ಕ್ಕೆ ನನ್ನ ಇನ್‌ಬಾಕ್ಸ್ ತೆರೆದಿತ್ತು. ಮೇಲ್ ಹೋಗಿದ್ದು 11:09ಕ್ಕೆ. ಐದು ನಿಮಿಷ. ರಿಜಿಸ್ಟರ್‌ನಲ್ಲಿ ಆ ಹೊತ್ತಿಗೆ 17ರ ಮುಂದೆ ಒಂದು ಸಹಿ ಇತ್ತು. ಯಾರದು ಅಂತ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಅವರು ಕರೆಸುವ ಮೊದಲೇ ಇವತ್ತು ಮಧ್ಯಾಹ್ನ ಮೊದಲ ವರ್ಷದ ಹುಡುಗ ತಾನಾಗಿ ಬಂದು ಒಪ್ಪಿಕೊಂಡ. ಬ್ರೌಸರ್ ತೆಗೆದಾಗ ನನ್ನ ಮೇಲ್ ಎದುರಿಗೇ ಇತ್ತಂತೆ. ಟೆಸ್ಟ್‌ಗೆ ನಿಜವಾಗಿ ಯಾರಾದರೂ ಬರದೆ ಇರುತ್ತಾರೆ ಅಂತ ಅಂದುಕೊಂಡಿರಲಿಲ್ಲವಂತೆ. ಕೈ ನಡುಗುತ್ತಿತ್ತು ಅವನಿಗೆ.

ಅಕೌಂಟ್ ವಾಪಸ್ ಸಿಕ್ಕಿದೆ. ಫಿಲ್ಟರ್, ಫಾರ್ವರ್ಡಿಂಗ್ ಎಲ್ಲ ನೋಡಿದೆ, ಏನೂ ಇಲ್ಲ. 26 ಜನಕ್ಕೂ ಮತ್ತೆ ಟೆಸ್ಟ್ ಇಡುತ್ತಾರೆ. ಅವನನ್ನು ಒಂದು ತಿಂಗಳು ಸಸ್ಪೆಂಡ್ ಮಾಡುವ ಮಾತು ನಡೆಯುತ್ತಿದೆ. ನನ್ನ ಅಭಿಪ್ರಾಯ ಕೇಳಿದ್ದಾರೆ, ನಾಳೆ ಹೇಳಬೇಕು. ಸಿಟ್ಟೂ ಇದೆ, ಅವನ ಮುಖ ನೆನೆದರೆ ಪಾಪ ಅಂತಲೂ ಅನಿಸುತ್ತದೆ.

ಪಾಠದಮೇಷ್ಟ್ರು · ರಾತ್ರಿ 9:00

ಮನಸ್ಸು ಹಗುರಾಯ್ತಮ್ಮ. ನಾಳೆ ಏನು ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಒಂದು ಹಳೆಯ ಪ್ರಕರಣ ಮಾತ್ರ ಹೇಳುತ್ತೇನೆ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಮೋರಿಸ್ ಎಂಬ ವಿದ್ಯಾರ್ಥಿ ಒಂದು ಪ್ರೋಗ್ರಾಂ ಜಾಲಕ್ಕೆ ಬಿಟ್ಟರು. ಅದು ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿ, ಇನ್ನೂ ಕೆಲವು ಕಿಂಡಿಗಳಿಂದ ನುಗ್ಗಿ, ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಅವರು ಎಣಿಸಿದ್ದಕ್ಕಿಂತ ತುಂಬಾ ವೇಗವಾಗಿ ಹರಡಿತು. ಆಗ ಅಂದಾಜು ಮಾಡಿದ ಪ್ರಕಾರ ಸುಮಾರು 6,000 ಕಂಪ್ಯೂಟರ್‌ಗಳು ಸಿಕ್ಕಿಹಾಕಿಕೊಂಡವು. ನ್ಯಾಯಾಲಯ ತಪ್ಪು ತಪ್ಪೇ ಅಂದಿತು. ಮೂರು ವರ್ಷದ ಪ್ರೊಬೇಶನ್ (ಜೈಲಿನ ಹೊರಗೇ ನಿಗಾದಲ್ಲಿ ಇರೋದು), 400 ಗಂಟೆ ಸಮಾಜಸೇವೆ, 10,050 ಡಾಲರ್ ದಂಡ. ಜೈಲಿಗೆ ಹಾಕಲಿಲ್ಲ. ಮುಂದೆ ಅವರು ಎಂಐಟಿಯಲ್ಲೇ ಪ್ರೊಫೆಸರ್ ಆದರು.

ಶಿಕ್ಷೆ ಬೇಡ ಅನ್ನುತ್ತಿಲ್ಲ. ನನ್ನನ್ನು ಕೇಳಿದ್ದರೆ, ತಪ್ಪು ಮಾಡಿದ ಕಡೆಯೇ ಕೆಲಸ ಕೊಡಿ ಅನ್ನುತ್ತಿದ್ದೆ.

ಎರಡನೇವರ್ಷ · ಮುಂದಿನ ಬುಧವಾರ ಸಂಜೆ 4:50

ರಿಪೋರ್ಟ್ ಕೊಟ್ಟೆ. ಸಸ್ಪೆಂಡ್ ಬೇಡ ಅಂದೆ. ಆ ಹುಡುಗ ತನ್ನ ಐಡಿಯಿಂದ, ತನ್ನ ಹೆಸರು ಹಾಕಿ, 140 ಜನಕ್ಕೂ ನಡೆದಿದ್ದನ್ನು ಬರೆದು ಕ್ಷಮೆ ಕೇಳಿದ. ಆರು ವಾರ ಲ್ಯಾಬ್ ಸರ್ ಜೊತೆ ಕೆಲಸ ಮಾಡಬೇಕು. ಮಾತು ಬಿಟ್ಟಿದ್ದ ಗೆಳತಿಯರಲ್ಲಿ ಇಬ್ಬರು ಅವತ್ತೇ ಬಂದರು. ಒಬ್ಬಳು ಇನ್ನೂ ಬಂದಿಲ್ಲ.

ಲ್ಯಾಬ್‌ಕೀಲಿ ಸರ್, ಒಂದು ಕೇಳಬೇಕಿತ್ತು. ಬ್ರೌಸರ್ ಮುಚ್ಚಿದ ಕೂಡಲೇ ಎಲ್ಲ ಅಳಿಸುವ ಹಾಗೆ ಲ್ಯಾಬ್ ಕಂಪ್ಯೂಟರ್‌ಗಳನ್ನೇ ಇಡಲು ಆಗುತ್ತದಾ?

ಲ್ಯಾಬ್‌ಕೀಲಿ · ಸಂಜೆ 5:25

ಆಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಮುಚ್ಚಿದಾಗ ಕುಕೀ ಅಳಿಸುವ ಸೆಟ್ಟಿಂಗ್ ಇದೆ. ಪಾಸ್‌ವರ್ಡ್ ಉಳಿಸಲಾ ಅಂತ ಕೇಳುವುದನ್ನೂ ಆಫ್ ಮಾಡಲಿ. ಹಿಸ್ಟರಿ ಮಾತ್ರ ಕೆಲವು ದಿನ ಉಳಿಯಲಿ. ಅದು ಯಾಕೆ ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಲ್ಯಾಬ್ ಸರ್‌ಗೆ ಇದನ್ನು ತೋರಿಸಿ, 40 ಕಂಪ್ಯೂಟರ್ ಇದ್ದರೂ ಒಂದು ಮಧ್ಯಾಹ್ನದ ಕೆಲಸ.

ಎರಡನೇವರ್ಷ · ಶುಕ್ರವಾರ ಮಧ್ಯಾಹ್ನ 1:40

ಮುಗಿಯಿತು ಸರ್. ಅರ್ಧದಷ್ಟು ಕಂಪ್ಯೂಟರ್‌ಗಳನ್ನು ಆ ಹುಡುಗನೇ ಮಾಡಿದ. ಈಗ 17ರಲ್ಲೇ ಕೂತು ಬರೆಯುತ್ತಿದ್ದೇನೆ. ಮೇಲ್ ತೆರೆದು, ಬೇಕಂತಲೇ ಲಾಗೌಟ್ ಮಾಡದೆ ಬ್ರೌಸರ್ ಮುಚ್ಚಿ ಮತ್ತೆ ತೆರೆದೆ. ಐಡಿ ಕೇಳಿತು, ಪಾಸ್‌ವರ್ಡ್ ಕೇಳಿತು.